ಅವ್ವನ ಕೊರಳಲ್ಲಿದ್ದ ಆಕಿ

ನಿಪ್ಪಾಣಿಗೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್ ನಮ್ಮಿಬ್ಬರ ಆಧಾರ್ ಕಾರ್ಡು ನೋಡಿ ಎರಡು ಪುಕ್ಕಟೆ ಟಿಕೆಟ್ ಹರಿದುಕೊಟ್ಟ. ಅವ್ವ ಚಾಚಿದ ಕೈ ಹಾಗೇ ಹಿಡಿದಿದ್ದಳು.

"ಇನ್ನೊಂದು ಕೊಡ್ರಿ."

"ಯಾರಿಗ್ರಿ ಇನ್ನೊಂದು?"

ಅವ್ವ ಕಿಟಕಿಯ ಕಡೆ ಮುಖ ತಿರುಗಿಸಿದಳು. "ಇಬ್ಬರ ಅದೇವ್ರಿ, ಆಕಿಗೆ ವಯಸ್ಸಾಗೇತಿ" ಎಂದು ನಾನು ಸಾವರಿಸಿದೆ. ಕಂಡಕ್ಟರ್ ನಕ್ಕು ಮುಂದೆ ಹೋದ. ನನಗೆ ನಗು ಬರಲಿಲ್ಲ, ಸಿಟ್ಟು ಬಂತು. ರಾಯಬಾಗ ಬಿಟ್ಟು ಇನ್ನೂ ಚಿಕ್ಕೋಡಿ ಮುಟ್ಟಿರಲಿಲ್ಲ, ಆಗಲೇ ಶುರುವಾಗಿತ್ತು ಇವಳದು.

ಆ ಮೂರನೆಯವಳು ಅವ್ವನ ಕೊರಳಲ್ಲಿದ್ದಳು. ನಮ್ಮ ಮನೆತನದಲ್ಲಿ ಮೊದಲ ಹೆಂಡತಿ ಸತ್ತು ಎರಡನೆಯವಳು ಬಂದರೆ, ಸತ್ತವಳ ಹೆಸರಿನಲ್ಲಿ ಒಂದು ಟಾಕು ಮಾಡಿಸಿ ಹೊಸಬಳ ಕೊರಳಿಗೆ ಕಟ್ಟುತ್ತಾರೆ. ಹೆಬ್ಬೆರಳಿನ ಉಗುರಿನಷ್ಟು ಬೆಳ್ಳಿಯ ತಗಡು, ಅದರ ಮೇಲೆ ಒತ್ತಿದ ಹೆಣ್ಣಿನ ಆಕಾರ. ಹೊಸ ಸೀರೆ ಉಡುವ ಮೊದಲು ಅದರ ಸೆರಗನ್ನು ಟಾಕಿಗೆ ಮುಟ್ಟಿಸಬೇಕು. ಹಬ್ಬದ ಹೋಳಿಗೆಯನ್ನು ಮೊದಲು ಅದಕ್ಕೆ ತೋರಿಸಬೇಕು. ತಪ್ಪಿದರೆ ಆಕಿ ಮುನಿಯುತ್ತಾಳೆ, ಮುನಿದರೆ ಮಕ್ಕಳ ಮೇಲೆ ಬರುತ್ತಾಳೆ ಎನ್ನುತ್ತಿದ್ದರು. ಅಪ್ಪನ ಮೊದಲ ಹೆಂಡತಿ ಮದುವೆಯಾದ ವರ್ಷದೊಳಗೇ ಕಾಮಾಲೆಯಾಗಿ ತೀರಿಕೊಂಡವಳು. ಅವ್ವ ಆಕೆಯನ್ನು ಕಣ್ಣಿನಿಂದ ಕಂಡವಳೇ ಅಲ್ಲ. ಆದರೂ ಆಕೆಯನ್ನು ಕೊರಳಲ್ಲಿ ಹೊತ್ತುಕೊಂಡೇ ರೊಟ್ಟಿ ಬಡಿದಳು, ಕಬ್ಬಿನ ಹೊಲದಲ್ಲಿ ಕಸ ತೆಗೆದಳು, ನನ್ನನ್ನು ಹೆತ್ತಳು.

ನನಗೆ ಮೂರು ವರ್ಷವಿದ್ದಾಗ ಜ್ವರ ಬಂದು ಎಂಟು ದಿನ ಕಣ್ಣು ತೆರೆದಿರಲಿಲ್ಲವಂತೆ. ಅವ್ವ ಗಡಿಬಿಡಿಯಲ್ಲಿ ಟಾಕಿಗೆ ಮುಟ್ಟಿಸದೆ ಹೊಸ ಸೀರೆ ಉಟ್ಟಿದ್ದಳು, ಅದಕ್ಕೇ ಹೀಗಾಯಿತೆಂದು ಮನೆಯವರೆಲ್ಲ ತೀರ್ಮಾನಿಸಿದರು. ಸೀರೆ ಒಲೆಗೆ ಹೋಯಿತು. ನಾನು ಉಳಿದದ್ದು ಕುಡಚಿಯ ಡಾಕ್ಟರರ ಸೂಜಿಯಿಂದ, ಆದರೆ ಶ್ರೇಯವೆಲ್ಲ ಟಾಕಿನವಳಿಗೆ ಹೋಯಿತು. ಸಣ್ಣವಳಿದ್ದಾಗ ಅವ್ವನ ಮಗ್ಗುಲಲ್ಲಿ ಮಲಗಿದರೆ ಟಾಕು ನನ್ನ ಕೆನ್ನೆಗೆ ತಣ್ಣಗೆ ತಾಗುತ್ತಿತ್ತು. ಅವ್ವನ ಮೈ ಎಷ್ಟು ಬೆಚ್ಚಗಿದ್ದರೂ ಅದು ಬೆಚ್ಚಗಾದ ನೆನಪು ನನಗಿಲ್ಲ.

ಹೋದ ವರ್ಷ ಅಪ್ಪ ತೀರಿಕೊಂಡ. ಅವ್ವನ ತಾಳಿ ತೆಗೆದರು, ಬಳೆ ತೆಗೆದರು. ಟಾಕಿನ ದಾರಕ್ಕೆ ಕೈ ಹಾಕಿದ ಹೆಂಗಸನ್ನು ಅಪ್ಪನ ಅಕ್ಕ, ನನ್ನ ಸೋದರತ್ತೆ, ತಡೆದಳು.

"ಅದನ್ನ ಮುಟ್ಟಬ್ಯಾಡ. ಆಕೀನ ಹಂಗ ಬಿಟ್ಟರ ಮನಿ ತುಂಬ ತಿರಗತಾಳ. ಈಕಿ ಹಿಂದ ಮಗಳು ಹಾಕ್ಕೋಬೇಕು."

ನಾನೊಬ್ಬಳೇ ಮಗಳು. ಅಲ್ಲೇ ಕಂಬಕ್ಕೆ ಒರಗಿ ಕೂತಿದ್ದೆ. ಅವ್ವ ತಲೆ ಎತ್ತಿ ನನ್ನನ್ನು ನೋಡಿದಳು. ಆ ನೋಟದಲ್ಲಿ ಗಂಡ ಸತ್ತ ದುಃಖ ಇರಲಿಲ್ಲ, ಹೆದರಿಕೆ ಇತ್ತು. ಅಪ್ಪನ ಹೆಣದ ಮುಂದೆಯೂ ಅವಳು ಅಳಲಿಲ್ಲ ಎಂದು ಬಂದವರು ಆಡಿಕೊಂಡರು.

ವರ್ಷದ ಕಾರ್ಯ ಮುಗಿದ ಮೇಲೆ ಒಂದು ಬೆಳಿಗ್ಗೆ, ನಾನು ಪಾಠ ಮಾಡಲು ಶಾಲೆಗೆ ಹೊರಟಾಗ, ಬಾಗಿಲಲ್ಲಿ ನಿಂತು ಹೇಳಿದಳು: "ಮಹಾಬಳೇಶ್ವರಕ್ಕ ಹೋಗೂಣು."

ಅಪ್ಪ ಮದುವೆಯ ಹೊಸದರಲ್ಲಿ ಮೊದಲ ಹೆಂಡತಿಯನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದ. ಕೆರೆಯ ದಂಡೆಯಲ್ಲಿ ಇಬ್ಬರೂ ನಿಂತ ಫೋಟೊ ನಮ್ಮ ಟ್ರಂಕಿನಲ್ಲಿತ್ತು. ಅವ್ವನನ್ನು ಕೊಲ್ಹಾಪುರದ ದೇವಿಯ ಗುಡಿಯಿಂದ ಆಚೆಗೆ ಕರೆದೊಯ್ದವನಲ್ಲ ಅವನು. ಬೆಟ್ಟ ಎನ್ನುವುದನ್ನು ಅವಳು ಹತ್ತಿರದಿಂದ ನೋಡಿಯೇ ಇರಲಿಲ್ಲ.

"ಆಕಿ ಅಲ್ಲೆ ನಾಕು ದಿನ ಸುಖದಿಂದ ಇದ್ಳು. ಅಲ್ಲೇ ಬಿಟ್ಟು ಬರೂಣು. ನನ್ನ ಹಿಂದ ನಿನ್ನ ಬೆನ್ನ ಹತ್ತಬಾರದು."

"ಅಷ್ಟು ದೂರ ಯಾಕಬೇ? ಇಲ್ಲೇ ಗಟಾರದಾಗ ಒಗಿ. ನನಗೇನೂ ಆಗೂದಿಲ್ಲ."

"ನಿನಗ ಅಂಜಿಕಿ ಇಲ್ಲಲ್ಲ, ಅದಕ್ಕ ನಾ ಅಂಜಬೇಕಾಗೇತಿ."

ಮಾತಿನಲ್ಲಿ ಅವಳನ್ನು ಗೆದ್ದವರಿಲ್ಲ. ರಜೆ ಹಾಕಿದೆ.

ನಿಪ್ಪಾಣಿಯಲ್ಲಿ ಮಹಾರಾಷ್ಟ್ರದ ಕೆಂಪು ಬಸ್ಸು ಹಿಡಿದು, ಕೊಲ್ಹಾಪುರ, ಸಾತಾರಾ, ವಾಯಿ ದಾಟಿ ಘಾಟು ಹತ್ತುವ ಹೊತ್ತಿಗೆ ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಹುಟ್ಟಿದಾಗಿನಿಂದ ಸಪಾಟು ನೆಲ ಕಂಡವಳಿಗೆ ರಸ್ತೆಯ ಪಕ್ಕದಲ್ಲಿ ಒಮ್ಮೆಲೇ ನೆಲವೇ ಇಲ್ಲದ್ದು ಸಹಿಸಲಾಗಲಿಲ್ಲ. ಒಂದು ಕೈಯಿಂದ ನನ್ನ ರಟ್ಟೆ ಹಿಡಿದಿದ್ದಳು, ಇನ್ನೊಂದರಿಂದ ಟಾಕು. ಮೇಲೆ ಹೋದಂತೆ ಮಂಜು ಕಿಟಕಿಯೊಳಗೇ ಬಂತು. ಮುಂದಿನ ಸೀಟಿನವರ ತಲೆಗಳು ಮಸುಕಾದವು. ಅವ್ವ ತುಟಿ ಅಲುಗಿಸುತ್ತ ಏನೋ ಹೇಳುತ್ತಿದ್ದಳು. ನನಗೆ ಹೇಳುತ್ತಿದ್ದಾಳೆಂದು ಕಿವಿ ಹತ್ತಿರ ತಂದೆ. "ಬಂತು ನೋಡು, ನಿನ್ನ ಊರು ಬಂತು" ಎನ್ನುತ್ತಿದ್ದಳು. ಅದು ನನಗಲ್ಲ.

ಕೆರೆ ಹುಡುಕುವುದು ಕಷ್ಟವಾಗಲಿಲ್ಲ. ಕುದುರೆಗಳು, ಸುಟ್ಟ ಮೆಕ್ಕೆಜೋಳದ ಹೊಗೆ, ಬೋಟಿಗಾಗಿ ನಿಂತ ಸಾಲು, ಎಲ್ಲೆಡೆ ಮಂದಿ. ಅವ್ವ ಫೋಟೊ ಹಿಡಿದು ದಂಡೆಯುದ್ದಕ್ಕೂ ನಡೆದಳು. ಒಂದು ಕಡೆ ನಿಂತು, ಫೋಟೊ ನೋಡಿ, ಎದುರಿನ ಗುಡ್ಡ ನೋಡಿ, "ಇಲ್ಲೇ" ಎಂದಳು. ಆದರೆ ಟಾಕು ಬಿಚ್ಚಲಿಲ್ಲ.

"ಇಲ್ಲಿ ಬ್ಯಾಡ. ಮಂದಿ ಭಾಳ ಐತಿ."

ಸುಮ್ಮನೆ ಹೋಗಬಾರದೆಂದು ಮೊಬೈಲಿನಲ್ಲಿ ನಮ್ಮಿಬ್ಬರ ಫೋಟೊ ತೆಗೆಯಲು ಹೋದೆ. "ಸ್ವಲ್ಪ ಸರಿಯಬೇ" ಎಂದಳು ಅವ್ವ. ಸರಿದೆ. ತೆಗೆದೆ. ಸಂಜೆ ಲಾಡ್ಜಿನಲ್ಲಿ ಚಹ ಕುಡಿಯುತ್ತ ಅದನ್ನು ತೆರೆದು ನೋಡಿದೆ. ನಮ್ಮಿಬ್ಬರ ನಡುವೆ ಒಬ್ಬರು ನಿಲ್ಲುವಷ್ಟು ಜಾಗವಿತ್ತು. ಅವ್ವ ಸರಿಯಲು ಹೇಳಿದ್ದಕ್ಕೆ ಆಶ್ಚರ್ಯವಿಲ್ಲ. ಯಾಕೆ ಎಂದು ಕೇಳದೆ ನಾನು ಸರಿದಿದ್ದೆ. ನಲವತ್ತರ ಹತ್ತಿರ ಬಂದ ನಾನು, ಮಕ್ಕಳಿಗೆ ದೆವ್ವ ಭೂತ ಸುಳ್ಳು ಎಂದು ಪಾಠ ಮಾಡುವವಳು, ಆಕೆಗೆ ಜಾಗ ಬಿಟ್ಟುಕೊಟ್ಟಿದ್ದೆ. ಫೋಟೊ ಅಳಿಸಿಬಿಟ್ಟೆ.

ಮರುದಿನ ಬೆಳಿಗ್ಗೆ ಟ್ಯಾಕ್ಸಿಯವನಿಗೆ ಅವ್ವ ಮರಾಠಿಯಲ್ಲಿ ಹೇಳಿದಳು: ಮಂದಿ ಇಲ್ಲದ, ನೀರಿರುವ ಒಂದು ಗುಡಿ ತೋರಿಸು. ಅವನು ಹಳೆಯ ಊರಿನ ಆಚೆ, ಕಣಿವೆಯ ಅಂಚಿನಲ್ಲಿದ್ದ ಕಪ್ಪು ಕಲ್ಲಿನ ಗುಡಿಯ ಹತ್ತಿರ ಇಳಿಸಿದ. ಗೋಡೆಗೆಲ್ಲ ಪಾಚಿ. ಕಲ್ಲಿನ ಆಕಳ ಬಾಯಿಂದ ಸಣ್ಣ ಧಾರೆ ಹೊಂಡಕ್ಕೆ ಬಿದ್ದು, ಅಲ್ಲಿಂದ ಒಂದು ಕಾಲುವೆಯಲ್ಲಿ ಕೆಳಗೆ ಹರಿದುಹೋಗುತ್ತಿತ್ತು. ಮಂಜಿನಲ್ಲಿ ನಾವಿಬ್ಬರು, ಮೆಟ್ಟಿಲ ಮೇಲೆ ಹೂವು ಮಾರುವ ಒಬ್ಬ ಮುದುಕಿ, ಬೇರೆ ಯಾರೂ ಇರಲಿಲ್ಲ.

ಅವ್ವ ದಾರ ಬಿಚ್ಚಿದಳು. ಟಾಕಿಗೆ ಅರಿಶಿನ ಕುಂಕುಮ ಹಚ್ಚಿ, ಹೂವಿಟ್ಟು, ಅಂಗೈಯಲ್ಲಿ ಹಿಡಿದು ಹರಿಯುವ ನೀರಿನ ಹತ್ತಿರ ಬಗ್ಗಿದಳು. ಆಗ ಮುದುಕಿ ಮಾತಿಗೆಂದು ಮರಾಠಿಯಲ್ಲಿ ಕೇಳಿದಳು, ಯಾವ ಊರಿನವರು ನೀವು? ಕುಡಚಿಯ ಹತ್ತಿರದವರು ಎಂದಳು ಅವ್ವ.

"ಮಗ ಹೀ ತುಮಚೀಚ ಕೃಷ್ಣಾ" ಎಂದು ಮುದುಕಿ ನಕ್ಕಳು. ಹಾಗಾದರೆ ಇದು ನಿಮ್ಮದೇ ಕೃಷ್ಣೆ. ಇಲ್ಲಿ ಹುಟ್ಟಿ ನಿಮ್ಮ ಊರಿಗೇ ಹೋಗುತ್ತಾಳೆ.

ಅವ್ವನ ಕೈ ಹಿಂದಕ್ಕೆ ಬಂತು. ನನಗಂತೂ ನಾಚಿಕೆಯಾಯಿತು. ಕೃಷ್ಣಾ ನದಿ ಮಹಾಬಳೇಶ್ವರದಲ್ಲಿ ಹುಟ್ಟುತ್ತದೆ ಎಂದು ವರ್ಷ ವರ್ಷ ಬೋರ್ಡಿನ ಮೇಲೆ ಬರೆಯುವವಳು ನಾನು. ಟಿಕೆಟ್ ತೆಗೆದದ್ದೂ ನಾನೇ. ಒಮ್ಮೆಯೂ ತಲೆಗೆ ಬಂದಿರಲಿಲ್ಲ.

ಅವ್ವ ಒದ್ದೆ ಮೆಟ್ಟಿಲ ಮೇಲೆ ಕೂತುಬಿಟ್ಟಳು. "ಇಲ್ಲಿ ಬಿಟ್ಟರ ನಮ್ಮ ಹೊಳಿಗೇ ಬರತಾಳಲ್ಲಬೇ. ನಮ್ಮ ಕಬ್ಬಿಗೆ ಬರತಾಳ. ನಳದಾಗ ಬರತಾಳ. ಎಲ್ಲಿ ಬಿಡಲಿ ನಾ ಈಕೀನ?"

ನನಗೆ ಎರಡು ದಿನದ ಸಿಟ್ಟು ಒಟ್ಟಿಗೇ ಏರಿತು. ಅವಳ ಕೈಯಿಂದ ಟಾಕು ಕಸಿದು ನನ್ನ ಕೊರಳಿಗೆ ಕಟ್ಟಿಕೊಂಡೆ.

"ಸಾಕು ಮಾಡು ಇನ್ನ. ನಾನ ಹಾಕ್ಕೋತೇನಿ. ಏನು ಮಾಡ್ತಾಳ ಮಾಡಲಿ, ನೋಡೂಣು."

ಅವ್ವ ಎದ್ದು ನನ್ನ ಕೆನ್ನೆಗೆ ಹೊಡೆದಳು. ಸಣ್ಣವಳಿದ್ದಾಗಲೂ ಅವಳು ನನ್ನ ಮೇಲೆ ಕೈ ಮಾಡಿದವಳಲ್ಲ. ಹೂವಿನ ಮುದುಕಿ ಬೇರೆ ಕಡೆ ನೋಡಿದಳು.

"ನೀ ಹಾಕ್ಕೊಂಡ್ರ ಆಕಿ ನಿನಗ ಅವ್ವ ಆಗತಾಳ, ತಿಳೀತಿಲ್ಲೋ? ಗಂಡನ್ನ ಹಂಚಿಕೊಂಡೆ. ಸೀರಿ ಹಂಚಿಕೊಂಡೆ. ಬಾಯಾಗಿನ ತುತ್ತು ಹಂಚಿಕೊಂಡೆ. ನಿನ್ನ ಕೊಡೂದಿಲ್ಲ. ನಿನ್ನ ಹಡದಾಕಿ ನಾ."

ಹಾಗೆಂದು ನನ್ನ ಕೊರಳಿನ ದಾರವನ್ನು ಎಳೆದು ಹರಿದಳು. ಬಗ್ಗಿ, ಟಾಕನ್ನು ನೀರಿನಲ್ಲಿ ಬಿಟ್ಟಳು. "ಹೋಗ ಯಕ್ಕಾ" ಎಂದಳು, ಮೆಲ್ಲಗೆ. "ಊರಿಗೆ ಬಾ ಬೇಕಾರ. ಹೊಲಕ್ಕ ಬಾ. ಈಕೀ ಹಂತ್ಯಾಕ ಬರಬ್ಯಾಡ." ಕುಂಕುಮ ಸ್ವಲ್ಪ ಹೊತ್ತು ನೀರಿನಲ್ಲಿ ಕಂಡಿತು. ಬೆಳ್ಳಿ ಕಾಣಲೇ ಇಲ್ಲ.

ವಾಪಸ್ಸಿನ ಬಸ್ಸಿನಲ್ಲಿ, ಘಾಟು ಇಳಿದು ಮಂಜು ಹರಿದ ಮೇಲೆ, ಅವ್ವ ಅಳುತ್ತಿರುವುದು ಗೊತ್ತಾಯಿತು. ಸದ್ದಿಲ್ಲದೆ, ನಿಲ್ಲಿಸದೆ ಅಳುತ್ತಿದ್ದಳು. ನನ್ನ ಕೆನ್ನೆ ಇನ್ನೂ ಉರಿಯುತ್ತಿತ್ತು, ಆದರೂ ಅವಳ ಕೈ ಹಿಡಿದುಕೊಂಡೆ.

"ಯಾಕಬೇ? ಬಿಟ್ಟ್ಯಲ್ಲ. ಮುಗೀತಲ್ಲ."

"ಆಕಿ ನೀರಿಗೆ ಅಂಜತಿದ್ಳಂತ" ಎಂದಳು ಅವ್ವ. "ಒಮ್ಮೆ ನಿಮ್ಮಪ್ಪ ಹೇಳಿದ್ದ. ಆ ಕೆರ್ಯಾಗ ಬೋಟಿನ್ಯಾಗ ಕೂಡ್ರು ಅಂದ್ರ ಕೂಡ್ರಲಿಲ್ಲಂತ. ದಂಡಿಮ್ಯಾಗ ನಿಂತು ಅವನ ಅಂಗಿ ಹಿಡದು ಅತ್ತಳಂತ. ಹುಡುಗಿ ಆಕಿ, ಹದಿನೆಂಟ ವರ್ಷದಾಕಿ."

"ಗೊತ್ತಿದ್ದೂ ನೀರಿಗೆ ಬಿಟ್ಟ್ಯಾ?"

"ಮತ್ತೇನು ಮಾಡಲಿ? ನೀ ಇದ್ದ್ಯಲ್ಲ."

ನಾನು ಕಲಿಸುವ ಶಾಲೆ ಹೊಳೆಯಾಚೆ, ಕಾಗವಾಡ ತಾಲೂಕಿನಲ್ಲಿದೆ. ದಿನಕ್ಕೆ ಎರಡು ಸಲ ಕುಡಚಿಯ ಸೇತುವೆ ದಾಟುತ್ತೇನೆ. ನನಗೆ ಇದ್ಯಾವುದರಲ್ಲೂ ನಂಬಿಕೆಯಿಲ್ಲ, ಈಗಲೂ ಇಲ್ಲ. ಆದರೆ ಸೇತುವೆ ಹತ್ತಿರ ಬಂದಾಗ ಕಿಟಕಿಯ ಬದಿಯ ಸೀಟು ಬಿಟ್ಟು ಏಳುತ್ತೇನೆ, ಕೆಳಗೆ ನೋಡಲಾಗುವುದಿಲ್ಲ. ನೀರಿಗೆ ಹೆದರುತ್ತಿದ್ದ ಹದಿನೆಂಟರ ಹುಡುಗಿಯನ್ನು ನನ್ನ ಸಲುವಾಗಿ ಅವ್ವ ನೀರಿಗೆ ಇಳಿಸಿದ್ದಾಳೆ.