ಅರಗು ಮುಚ್ಚಿದ ಬಿರುಕು

ಮೇಸ್ತ್ರಿಯ ಬಲಗಿವಿಗೆ ಸದಾ ಮರದ ಪುಡಿ ಮೆತ್ತಿರುತ್ತಿತ್ತು. ಮರದ ಪಟ್ಟಿಯನ್ನು ಬೆರಳಗೆಣ್ಣಿನಿಂದ ತಟ್ಟಿ, ಕಿವಿ ಒತ್ತಿ ಕೇಳುತ್ತಿದ್ದರು. ಒಳಗೆ ಬಿರುಕಿದ್ದರೆ ಸದ್ದು ಬದಲಾಗುತ್ತದಂತೆ. ಜೀವಮಾನವೆಲ್ಲ ವಿಮಾನದ ಇಂಜಿನ್ ಪಕ್ಕ ನಿಂತು ಆ ಕಿವಿ ಮುಕ್ಕಾಲು ಹೋಗಿತ್ತು. ಅದನ್ನವರು ಒಪ್ಪಿಕೊಂಡದ್ದು ನನ್ನೊಬ್ಬಳ ಹತ್ತಿರ.

ಆಗ ರಾಮನಗರದ ಕಡೆಯಿಂದ ಹೊಲಕ್ಕೊಂದು ಫ್ಯಾಕ್ಟರಿ ಏಳುತ್ತಿತ್ತು. ಬೆಂಗಳೂರಿನ ಸಾಹುಕಾರರೊಬ್ಬರು ಎರಡು ಸೀಟಿನ ಹಳೇ ವಿಮಾನ ಕೊಂಡು, ಬೈರಾಪಟ್ಟಣದ ಬಳಿಯ ಶೆಡ್ಡಿನಲ್ಲಿ ಇಳಿಸಿ, ಅದನ್ನು ಮತ್ತೆ ಹಾರುವಂತೆ ಮಾಡಲು ನಿವೃತ್ತ ಮೇಸ್ತ್ರಿಯನ್ನು ಕರೆಸಿದ್ದರು. ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುತ್ತಿದ್ದ ನನ್ನ ಕೈ ನೋಡಿ ಮೇಸ್ತ್ರಿ, "ಬಾರವ್ವ, ಒಂದ್ ದೊಡ್ ಬೊಂಬೆ ಮಾಡಾನ" ಅಂದರು. ಹೋದೆ.

ರೆಕ್ಕೆಯೊಳಗಿನ ಮರದ ಪಟ್ಟಿಗಳನ್ನೆಲ್ಲ ಹೊಸದಾಗಿ ಕೂರಿಸಿದೆವು. ಒಸಿ ಅವಸರ ಮಾಡಿದರೆ ಮೇಸ್ತ್ರಿ ನಗುತ್ತಿದ್ದರು: "ಮೇಲಕ್ಕೋದ್ಮೇಲೆ ನಿಲ್ಸಿ ನೋಡಕ್ಕೆ ಅಲ್ ಮರದ ನೆಳ್ಳಿಲ್ಲ ಕಣವ್ವ." ಒಂದು ಪಟ್ಟಿಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು. ಬೊಂಬೆಯವರು ಮಾಡುವುದನ್ನೇ ಮಾಡಿದೆ: ಬಿಸಿ ಅರಗು ತುಂಬಿ, ಉಜ್ಜಿ, ನಯ ಮಾಡಿಟ್ಟೆ. ನಮ್ಮ ಕಸುಬಿನಲ್ಲಿ ಅದಕ್ಕೆ ಕೈಚಳಕ ಅನ್ನುತ್ತಾರೆ.

"ಎಲ್ಲಾ ಸರ್ಯಾಗೈತಾ? ನನ್ ಕಿವಿ ನಂಬಬ್ಯಾಡ, ನೀನೇ ಯೋಳು" ಅಂದರು.

"ಸರ್ಯಾಗೈತೆ" ಅಂದೆ. ರೆಕ್ಕೆಗೆ ಬಟ್ಟೆ ಬಿಗಿದು ಬಣ್ಣ ಬಳಿದೆವು.

ವಿಮಾನ ಓಡಬೇಕಿದ್ದ ಪಕ್ಕದ ಬಯಲು ಆಗಲೇ ಫ್ಯಾಕ್ಟರಿಗೆ ಮಾರಾಟವಾಗಿತ್ತು. ಬೇಲಿ ಬೀಳುವ ಮುಂಚೆ ಹಾರಬೇಕಿತ್ತು. ಹಾರಾಟದ ಹಿಂದಿನ ದಿನ ಮೇಸ್ತ್ರಿ ಇಸ್ತ್ರಿ ಮಾಡಿದ ಶರ್ಟು ತೊಟ್ಟು ಬಂದರು. ಮೊದಲ ಹಾರಾಟಕ್ಕೆ ಪೈಲಟ್ ಹಿಂದೆ, ರಿಪೇರಿ ಮಾಡಿದವನು ಮುಂದಿನ ಸೀಟಿನಲ್ಲಿ ಕೂರುವುದು ಅವರ ಪದ್ಧತಿಯಂತೆ. "ಇದೇ ಕೊನೇದು. ಸಾವನದುರ್ಗ ಒಂದ್ ಸುತ್ತಾಕ್ಕೊಂಡ್ ಬಂದ್ಬುಡ್ತೀನಿ" ಅಂದಾಗ ಅಳುತ್ತಾ ಅರಗಿನ ವಿಷಯ ಹೇಳಿಬಿಟ್ಟೆ.

ಬೈಯಲಿಲ್ಲ. "ಯಾವ್ ಪಟ್ಟಿ?" ಅಂದರು.

ನನಗೆ ನೆನಪಿರಲಿಲ್ಲ.

ಚಾಕು ಹಿಡಿದು, ತಾವೇ ಬಿಗಿದ ಬಟ್ಟೆಯನ್ನು ತಾವೇ ಸೀಳಿದರು. ಟಾರ್ಚು ಬಿಟ್ಟು ಒಂದೊಂದೇ ಪಟ್ಟಿ ಹುಡುಕಿದೆವು. ಹಾಳು ಕೈ, ಎಷ್ಟು ಚೆನ್ನಾಗಿ ಮುಚ್ಚಿತ್ತೆಂದರೆ ನನ್ನ ಕಣ್ಣಿಗೇ ಬೀಳಲಿಲ್ಲ. ನಾಲ್ಕನೇ ದಿನ ಸಿಕ್ಕಿತು.

"ಸಿಕ್ತಲ್ಲ ಮೇಸ್ತ್ರಿ, ಇನ್ ಸಾಕು ಬುಡಿ" ಅಂದೆ.

"ಇನ್ನೊಂದಿಲ್ಲ ಅಂತ ಆಣೆ ಇಡ್ತೀಯಾ?"

ಇಡಲಾಗಲಿಲ್ಲ. ಮಿಕ್ಕವನ್ನೂ ಬಿಚ್ಚಿದೆವು.

ಮುಗಿಯುವಷ್ಟರಲ್ಲಿ ಬಯಲಿಗೆ ಬೇಲಿ ಬಿತ್ತು. ಸಾಹುಕಾರರು ಬೇಸತ್ತು ವಿಮಾನ ಮಾರಿದರು. ಬಂದವರು ರೆಕ್ಕೆ ಬೇರೆ, ಮೈ ಬೇರೆ ಮಾಡಿ ಲಾರಿಗೆ ಹೇರಿದರು. ಮೇಸ್ತ್ರಿ ಹೆದ್ದಾರಿಯವರೆಗೂ ಅದರ ಹಿಂದೆ ನಡೆದುಕೊಂಡು ಹೋದರು.

ಮುಂದಿನ ಆಷಾಢದಲ್ಲಿ ತೀರಿಕೊಂಡರು. ಹಾಸಿಗೆ ಹಿಡಿದಿದ್ದಾಗ ನೋಡಲು ಹೋಗಿದ್ದೆ. "ನೀ ಬಾಯ್ಬುಟ್ಟು ಯೋಳ್ದಲ್ಲ, ಅಷ್ಟ್ ಸಾಕು ಕಣವ್ವ" ಅಂದಿದ್ದರು. ಜನವೂ ಅವರ ಜೀವ ಉಳಿಸಿದೆ ಅಂತಲೇ ಸಮಾಧಾನ ಹೇಳುತ್ತಾರೆ. ಆ ವಿಮಾನವನ್ನು ಕೊಂಡವರು ಹಾರಿಸಿದರೋ ಇಲ್ಲವೋ ತಿಳಿಯದು. ಆದರೂ ತಲೆಯ ಮೇಲೆ ಸಣ್ಣ ವಿಮಾನದ ಸದ್ದಾದರೆ ನಾನು ಇವತ್ತಿಗೂ ಕತ್ತೆತ್ತುವುದಿಲ್ಲ. ಅದರ ಮುಂದಿನ ಸೀಟು ಖಾಲಿ ಇರುತ್ತದೆ, ನನಗೆ ಗೊತ್ತು.