ತಂಗಿಯ ಮನೆಗೆ ಹೊರಟ ಅಕ್ಕ

ನಮ್ಮ ಶಿಶುವಿಹಾರದಲ್ಲಿ ಮಧ್ಯಾಹ್ನ ಮಕ್ಕಳನ್ನು ಮಲಗಿಸುವ ಆಯಾಗೆ ಎಲ್ಲರೂ ನಿದ್ದೆಯಮ್ಮ ಎನ್ನುತ್ತಿದ್ದರು. ಊಟ ಮುಗಿದು ಚಾಪೆ ಹಾಸಿದರೆ ಅವರ ಕಥೆ ಶುರು. ದಿನವೂ ಒಂದೇ ಕಥೆ. ಅಕ್ಕ ತಂಗಿಯ ಮನೆಗೆ ಹೊರಟಳು. ಸೇತುವೆ ದಾಟಿದಳು. ಮರದ ಕೆಳಗೆ ಕೂತಳು, ಎದ್ದಳು. ಒಂದು ಹಸು ಬಂತು, ಅದರ ಹಿಂದೆ ಇನ್ನೊಂದು ಹಸು ಬಂತು. ಹಸುಗಳು ಮುಗಿಯುವ ಮೊದಲೇ ಕೋಣೆ ತುಂಬ ಗೊರಕೆ.

ನಾನು ಆಗಷ್ಟೇ ಟೀಚರಾಗಿ ಸೇರಿದ್ದೆ. ಕಥೆ ಎಂದರೆ ಏರಬೇಕು, ತಿರುಗಬೇಕು, ಮುಗಿಯಬೇಕು ಎಂದು ಕಾಲೇಜಿನಲ್ಲಿ ಓದಿದ್ದೆ. “ನಿಮ್ಮ ಕಥೇಲಿ ಏನೂ ಆಗೋದೇ ಇಲ್ವಲ್ಲ?” ಎಂದು ಕೇಳಿದೆ.

“ಏನಾದ್ರೂ ಆದ್ರೆ ಎದ್ದು ಕೂರ್ತಾವೆ ಕಣಮ್ಮ. ಆಮೇಲೆ ನೀನು ಮಲಗಿಸ್ತೀಯಾ?”

ಅವರಿಗೆ ನಿಜವಾಗಿಯೂ ಒಬ್ಬ ತಂಗಿಯಿದ್ದಳು, ಅದೇ ಊರಿನ ಇನ್ನೊಂದು ತುದಿಯಲ್ಲಿ. ತಾಯಿ ಹೋದ ಮೇಲೆ ಸೊಂಟದ ಮೇಲೆ ಹೊತ್ತು ಸಾಕಿದ ತಂಗಿ. ಅವಳ ಮಗಳಿಗೆ ಜ್ವರ ಬಂದಾಗ ಇವರು ಹಣೆಗೆ ಒದ್ದೆ ಬಟ್ಟೆ ಹಾಕು ಎಂದು ಒಂದಕ್ಕೆ ಹತ್ತು ಸಲ ಹೇಳಿದರಂತೆ. ಗಾಬರಿಯಲ್ಲಿದ್ದ ಅವಳು, “ಹೆತ್ತವಳಿಗೆ ಗೊತ್ತು, ನಿಂಗೇನ್ ಗೊತ್ತು?” ಎಂದುಬಿಟ್ಟಳು. ಅಂದಿನಿಂದ ಇವರು ಆ ಹೊಸ್ತಿಲು ತುಳಿದಿರಲಿಲ್ಲ. ಕೋಪ ಎಂದೋ ಇಳಿದಿತ್ತು. ಹೋದರೆ ಬಾಗಿಲು ತೆಗೆಯುತ್ತಾಳೋ ಇಲ್ಲವೋ ಎಂಬ ಅಂಜಿಕೆ ಮಾತ್ರ ಉಳಿದಿತ್ತು.

ಹೀಗಿರುವಾಗ ಹೊಸ ಹುಡುಗಿಯೊಬ್ಬಳು ಸೇರಿದಳು. ಸದಾ ರಾಗ ಎಳೆಯುವ ಅವಳಿಗೆ ನಾವಿಟ್ಟ ಹೆಸರು ಪಿಟೀಲು. ಮಿಕ್ಕವರೆಲ್ಲ ಮಲಗಿದರೂ ಅವಳ ಕಣ್ಣು ಮುಚ್ಚುತ್ತಿರಲಿಲ್ಲ.

“ಮನೆ ಬಂತಾ?”

“ಇನ್ನೂ ಇಲ್ಲ ಕಣೇ, ಹಸು ಅಡ್ಡ ನಿಂತಿದೆ.”

“ಹೋಯ್ತು ಅದು. ಈಗ?”

ಒಂದು ದಿನ ನಿದ್ದೆಯಮ್ಮನಿಗೆ ಹಸುಗಳೆಲ್ಲ ಖಾಲಿಯಾದವು. ದಾರಿಯೂ ಮುಗಿಯಿತು. “ಅಕ್ಕ ಬಾಗಿಲು ತಟ್ಟಿದಳು,” ಎನ್ನುತ್ತ, ಮೈಮರೆತು, ಪಕ್ಕದ ತಗಡಿನ ಬೀರುವನ್ನು ಧಡ ಧಡ ಬಡಿದೇಬಿಟ್ಟರು!

ಮಕ್ಕಳೆಲ್ಲ ದಡಬಡಿಸಿ ಎದ್ದರು. ಒಬ್ಬನ ಅಳು, ಇನ್ನೊಬ್ಬನ ನಗು. ಹೆಡ್ ಮಿಸ್ ಓಡಿಬಂದು, “ಏನ್ರೀ ಇದು ಸಂತೆ!” ಎಂದು ರೇಗಿದರು. ಪಿಟೀಲು ಮಾತ್ರ ನಿದ್ದೆಯಮ್ಮನ ಸೆರಗು ಬಿಡಲಿಲ್ಲ. “ತಂಗಿ ತೆಗೆದ್ಲಾ? ಏನಂದ್ಲು?”

ನಿದ್ದೆಯಮ್ಮ ಬೀರುವಿನಿಂದ ಕೈ ತೆಗೆದರು. “ನಾಳೆ ಹೇಳ್ತೀನಿ,” ಎಂದರು.

ಹೇಳಬೇಕಾದರೆ ತಿಳಿಯಬೇಕಲ್ಲ? ಅಂದು ಸಂಜೆ ತಮ್ಮ ಮನೆ ಕಡೆ ಹೋಗುವ ಬಸ್ ಬಿಟ್ಟು ಊರಿನ ಆ ತುದಿಗೆ ಹೋಗುವ ಬಸ್ ಹತ್ತಿದರು.

ಮರುದಿನ ಮಕ್ಕಳು ಚಾಪೆ ಬಿಟ್ಟು ಸುತ್ತ ಕೂತವು. ನಾನೂ ಬಾಗಿಲ ಬಳಿ ನಿಂತೆ.

“ತಂಗಿ ಬಾಗಿಲು ತೆಗೆದ್ಲು. ‘ಚಪ್ಪಲಿ ಅಲ್ಲೇ ಬಿಡು, ಈಗ ತಾನೇ ನೆಲ ಒರೆಸಿದ್ದೀನಿ. ಎಲ್ಲಿ ಹಾಳಾಗಿ ಹೋಗಿದ್ದೆ ಇಷ್ಟು ದಿನ?’ ಅಂದ್ಲು.”

“ಅಷ್ಟೇನಾ?” ಎಂದಳು ಪಿಟೀಲು.

“ಅಷ್ಟೇ,” ಎಂದು ನಿದ್ದೆಯಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು. “ಈ ಭಾನುವಾರ ತಂಗಿ, ಮಗಳನ್ನ ಕರ್ಕೊಂಡು ಅಕ್ಕನ ಮನೆಗೆ ಹೊರಡ್ತಾಳೆ. ಸೇತುವೆ ದಾಟ್ತಾಳೆ. ಒಂದು ಹಸು...”

“ಹಸು ಬೇಡ,” ಎಂದು ಆಕಳಿಸಿದಳು ಪಿಟೀಲು. “ಬಸ್ ಹತ್ಸಿ. ಬೇಗ ಬರ್ತಾಳೆ.”