ಪೈಲಟ್ಟನ ಕಾರ್ಡು, ಅಕ್ಕಾರ ಗುಳಿಗಿ

ವಿದ್ಯಾನಗರದ ಆ ಖಾಸಗಿ ಆಸ್ಪತ್ರೆಗೆ ಬಂದವರು ಮೊದಲು ಕೇಳುವುದು ಡಾಕ್ಟರನ್ನಲ್ಲ, ದಾಕ್ಷಾಯಿಣಿ ಅಕ್ಕಾರನ್ನು. ನೆಲಮಹಡಿಯಲ್ಲಿ ಔಷಧಿ ಅಂಗಡಿಯ ಪಕ್ಕ, ಆರೋಗ್ಯ ವಿಮೆಯ ಕಾಗದ ನೋಡುವ ಕೌಂಟರು ಅವರದು. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಮೇಲೆ ರಬ್ಬರ್ ಬ್ಯಾಂಡು ಬಿಗಿದು ಜನ ತಂದ ಕಾರ್ಡುಗಳನ್ನು ಬಿಡಿಸುತ್ತ, "ಇದು ಮುಗದು ಎರಡ ವರ್ಷ ಆತಲ್ರಿ, ಪೂಜಾ ಮಾಡಾಕ ಇಟ್ಕೊಂಡೀರೇನು?" ಎಂದು ಬೈಯುವರು. ಬೈದಾದ ಮೇಲೆ ತಾವೇ ಫೋನು ಹಚ್ಚಿ, ಅರ್ಧ ತಾಸು ಹೆಣಗಿ, ಕೆಲಸ ಮಾಡಿಸಿಕೊಡುವರು. ಆ ಬೈಗುಳಕ್ಕೆ ಹೆದರಿ ಈವರೆಗೆ ಯಾರೂ ಬೇರೆ ಆಸ್ಪತ್ರೆಗೆ ಹೋದದ್ದಿಲ್ಲ.

ವಯಸ್ಸು ಐವತ್ತೆರಡು. ಬೈರಿದೇವರಕೊಪ್ಪದಲ್ಲಿ ಎರಡು ಕೋಣೆಯ ಮನೆ, ಧಾರವಾಡದ ಸಾಲಿಯೊಂದರಲ್ಲಿ ಕಲಿಸುವ ಒಬ್ಬಳೇ ಮಗಳು. ಗಂಡ ಚನವೀರಪ್ಪ ಹುಬ್ಬಳ್ಳಿ ಧಾರವಾಡದ ನಡುವೆ ಬಸ್ಸು ಓಡಿಸುತ್ತಿದ್ದರು. ತೀರಿಕೊಂಡು ಹನ್ನೊಂದು ವರ್ಷವಾಯಿತು. ಅದರ ಮರುವರ್ಷವೇ ಅಕ್ಕಾರು ಈ ಕೌಂಟರಿಗೆ ಬಂದರು.

ಅಕ್ಕಾರ ಬಗ್ಗೆ ಆಸ್ಪತ್ರೆಯಲ್ಲಿ ಒಂದು ತಮಾಷೆ ಚಾಲ್ತಿಯಲ್ಲಿತ್ತು. ಸಿಬ್ಬಂದಿಗೆಲ್ಲ ವರ್ಷಕ್ಕೊಮ್ಮೆ ತಪಾಸಣೆ ನಡೆಯುತ್ತದೆ. ಅಕ್ಕಾರ ಫಾರ್ಮಿನಲ್ಲಿ 'ಹದಿನೈದು ವರ್ಷದಿಂದ ಬಿ.ಪಿ.' ಎಂದು ಬರೆದಿದೆ; ಪಟ್ಟಿ ಕಟ್ಟಿ ಅಳೆದರೆ ಮಾತ್ರ ಕಾಲೇಜು ಹುಡುಗಿಯ ಬಿ.ಪಿ. ಬರುತ್ತದೆ. "ಏನ್ ಪಥ್ಯ ಮಾಡ್ತೀರಿ ಅಕ್ಕಾರ?" ಎಂದು ಡಾಕ್ಟರುಗಳು ಬೆರಗಾದರೆ, "ಬಾಯಿ ಬಿಟ್ಟು ಬೈತೇನ್ರಿ. ಒಳಗ ಏನೂ ಉಳಸೂದಿಲ್ಲ" ಎನ್ನುವರು. ಎಲ್ಲರೂ ನಗುವರು. ನಿಜವೆಂದರೆ ಒಳಗೆ ಒಂದು ಮಾತು ಉಳಿದಿತ್ತು, ಅದನ್ನು ಮಗಳಿಗೂ ಹೇಳಿರಲಿಲ್ಲ.

ಕಳೆದ ಶ್ರಾವಣದ ಒಂದು ಸೋಮವಾರ ಬೆಳಿಗ್ಗೆ ಹತ್ತರ ಹೊತ್ತಿಗೆ, ತುರ್ತು ವಿಭಾಗದ ನರ್ಸ್ ಲಾಲಬಿ ಒಂದು ಫೈಲು ತಂದು ಅವರ ಮುಂದೆ ಇಟ್ಟಳು.

"ಎದಿ ನೋವು, ಅಕ್ಕಾರ. ಹಾರ್ಟ್ ಅಟ್ಯಾಕ್. ಲಗೂನ ಸ್ಟೆಂಟ್ ಹಾಕಬೇಕಂತ. ರಾಜಶೇಖರ ಅಂತ, ಹತ್ತಿ ವ್ಯಾಪಾರ. ನಮ್ಮಲ್ಲೆ ಹಳೇ ಫೈಲ್ ಸಿಕ್ತು."

ಫೈಲಿನ ಮೇಲೆ ಕೆಂಪು ಚೀಟಿ ಅಂಟಿಸಿತ್ತು. ಎದೆನೋವೆಂದರೆ ಮೊದಲು ಅಗಿಯಲು ಕೊಡುವ, ರಕ್ತ ತೆಳುವಾಗಿಸುವ ಗುಳಿಗೆ ಈ ಮನುಷ್ಯನಿಗೆ ಆಗದು. ಹೋದ ವರ್ಷ ನುಂಗಿದಾಗ ಮುಖ ಬಾತು, ಉಸಿರು ಸಿಕ್ಕಿಕೊಂಡಿತ್ತು ಎಂದು ಬರೆದಿತ್ತು.

ಲಾಲಬಿಯ ಹಿಂದೆಯೇ ಮುರುಗೆಪ್ಪನವರು ಬಂದರು. ಎಪ್ಪತ್ತೆರಡರ ಹತ್ತಿ ವ್ಯಾಪಾರಿ, ಹಣೆಯ ತುಂಬ ವಿಭೂತಿ, ಕೈಯಲ್ಲಿ ಹಿರಿಯ ಮಗ ರಾಜಶೇಖರನ ವಿಮಾ ಕಾರ್ಡು. ಅಕ್ಕಾರಿಗೆ ಅವರ ಗುರುತು ಚೆನ್ನಾಗಿತ್ತು. ಎರಡು ವರ್ಷದ ಹಿಂದೆ ಅವರ ಹೆಂಡತಿ ರತ್ನವ್ವನ ಪಿತ್ತಕೋಶದ ಹರಳು ತೆಗೆದದ್ದು ಇಲ್ಲಿಯೇ. ಆಗ ಎಲ್ಲವೂ ನಡೆದದ್ದು ಕಿರಿಯ ಮಗ ಬಸವಕಿರಣನ ಕಾರ್ಡಿನ ಮೇಲೆ. ಅವನು ವಿಮಾನದ ಪೈಲಟ್. ಅವನ ಕಂಪನಿ ಹೆಂಡತಿ, ಮಕ್ಕಳು, ತಂದೆ ತಾಯಿ ಎಲ್ಲರನ್ನೂ ಸೇರಿಸಿ ವಿಮೆ ಮಾಡಿಸಿತ್ತು. ಕಾಗದ ಕಳಿಸಿದ ಎರಡು ತಾಸಿಗೆ ಒಪ್ಪಿಗೆ ಬಂದಿತ್ತು. ರತ್ನವ್ವನಂತೂ ಮಗ ಟೊಪ್ಪಿಗೆ ಹಾಕಿ ನಿಂತ ಫೋಟೋವನ್ನು ನೆಲ ಒರೆಸುವವಳಿಂದ ಹಿಡಿದು ಎಲ್ಲರಿಗೂ ತೋರಿಸಿದ್ದಳು; ಅಕ್ಕಾರಿಗೆ ಮೂರು ಸಲ ತೋರಿಸಿದ್ದಳು.

"ಹೆದರಬ್ಯಾಡ್ರಿ ಸಾವ್ಕಾರ್ರ, ಮಾಡಿಸಿಕೊಡ್ತೇನಿ" ಎಂದು ಸಮಾಧಾನ ಹೇಳಿ, ಸಹಿ ಹಾಕಿಸಲು ಅಕ್ಕಾರು ತಾವೇ ತುರ್ತು ವಿಭಾಗಕ್ಕೆ ನಡೆದರು.

ಪರದೆ ಸರಿಸಿ ನೋಡಿದರೆ ಮಂಚದ ಮೇಲೆ ಮಲಗಿದ್ದವನು ಆ ಫೋಟೋದವನು. ಟೊಪ್ಪಿಗೆಯೊಂದಿಲ್ಲ. ಮುಖ ಬಿಳಿಚಿ, ಹಣೆಯಲ್ಲಿ ಬೆವರು ಹನಿ ಹನಿಯಾಗಿ ನಿಂತಿತ್ತು.

"ಅಕ್ಕಾರ, ಇವರಿಗೆ ಆ ಗುಳಿಗಿ ಕೊಡಾಕ ಬರೂದಿಲ್ಲ" ಎಂದಳು ಎಳೆಯ ಡಾಕ್ಟರು ಸುರಭಿ, ಕೆಂಪು ಚೀಟಿ ತೋರಿಸಿ. "ಕೇಳಿದೆ. ಆಗೂದಿಲ್ಲ ಅಂತ ಅವರೂ ಗೋಣು ಹಾಕಿದ್ರು. ದೊಡ್ಡ ಡಾಕ್ಟ್ರನ್ನ ಕೇಳಾಕತ್ತೇನಿ, ಬ್ಯಾರೆ ದಾರಿ ನೋಡಬೇಕು."

ಅಕ್ಕಾರು ತಕ್ಷಣ ತಿರುಗಿ ಹೊರಗೆ ಬಂದು, ಗೋಡೆಗೆ ಆತು ನಿಂತ ಮುರುಗೆಪ್ಪನವರ ಮುಂದೆ ನಿಂತರು.

"ಒಳಗ ಮಲಗಿದವ್ರು ಬಸವಕಿರಣ. ಖರೇ ರಾಜಶೇಖರ ಎಲ್ಲಿ ಅದಾರ?"

"ಕಾರಿನಾಗ ಕುಂತಾನ" ಎಂದರು ಮುದುಕರು, ಕೇಳಿಸಿತೋ ಇಲ್ಲವೋ ಎಂಬಷ್ಟು ಮೆಲ್ಲಗೆ. ಆಮೇಲೆ ಒಂದೇ ಉಸಿರಿಗೆ ಹೇಳಿದರು: "ರಜಾಕ್ಕ ಬಂದಿದ್ದಾ ಯವ್ವಾ. ಬೆಳಿಗ್ಗೆ ಎದಿ ಹಿಡಕೊಂಡು ಕುಂತ. ಕಂಪನಿ ಕಾರ್ಡ್ ಕೊಟ್ರ ಕಂಪನಿಗೆ ಕಾಗದ ಹೋಗತೈತಿ. ಹಾರ್ಟ್ ಅಂದ ಕೂಡ್ಲೆ ವಿಮಾನದಿಂದ ಇಳಸ್ತಾರ. ಹದಿನಾಲ್ಕ ವರ್ಷದ್ದು ಅವನ ಬಾಳೇವು ಅದು. ನಮ್ಮ ಮನ್ಯಾಗ ಅಂಗಡಿ, ಗೋದಾಮು, ಗಾಡಿ ಎಲ್ಲಾ ರಾಜಶೇಖರನ ಹೆಸರಿಲೆ ನಡೀತಾವು. ಇದೂ ಒಂದು ನಡೀಲಿ ಬಿಡು ಅಂದ್ನಿ."

ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂಬ ವ್ಯಾಪಾರದ ಲೆಕ್ಕ. ಅವರನ್ನು ದೂರಿ ಉಪಯೋಗವಿಲ್ಲ. ಹತ್ತಿ ಪೇಟೆಯಲ್ಲಿ ಹಿರಿಯ ಮಗನ ಹೆಸರೆಂದರೆ ಇಡೀ ಮನೆಯ ಹೆಸರು. ತಮ್ಮನು ತಂದ ಮಾಲು ಅಣ್ಣನ ಹೆಸರಿನಲ್ಲಿ ತೂಗಿದರೆ ಯಾರಿಗೂ ನಷ್ಟವಿಲ್ಲ. ಆದರೆ ಹತ್ತಿಯ ಮೂಟೆಗೆ ಕೆಂಪು ಚೀಟಿ ಇರುವುದಿಲ್ಲ. ಕಿರಿಯ ಮಗನ ಕಾರ್ಡು ಮನೆಮಂದಿಗೆಲ್ಲ ಆಗಿ ಬಂದು, ಕಾರ್ಡಿನ ಯಜಮಾನನಿಗೇ ಆಗದಂತೆ ಕಿಸೆಯಲ್ಲಿ ಕುಳಿತಿತ್ತು.

"ನಿಮ್ಮ ಹಿರೇ ಮಗಗ ಆಗದ ಗುಳಿಗಿ ಸಣ್ಣ ಮಗನ ಜೀವಾ ಉಳಸೂದ ಐತಿ, ಸಾವ್ಕಾರ್ರ. ಹೆಸರಿನ ಸಲುವಾಗಿ ಅದನ್ನ ಕೊಡಲಾರದ ನಿಂತಾರ ಅಲ್ಲಿ" ಎಂದು ಅಕ್ಕಾರು ಒಳಗೆ ನುಗ್ಗಿದರು.

"ಡಾಕ್ಟ್ರ, ಈ ಫೈಲ್ ಇವರದಲ್ಲ. ಇವರ ಹೆಸರು ಬಸವಕಿರಣ."

ಮಂಚದ ಮೇಲಿನವನು ಕಣ್ಣು ಬಿಡದೆಯೇ, "ಇಲ್ಲರಿ... ರಾಜಶೇಖರ" ಎಂದ.

ಸುರಭಿ ಕಂಗಾಲಾದಳು. ಕೌಂಟರಿನ ಹೆಂಗಸಿನ ಮಾತು ನಂಬಿ ಗುಳಿಗೆ ಕೊಟ್ಟು, ಮುಖ ಬಾತು ಉಸಿರು ನಿಂತರೆ? ರೋಗಿಯ ಮಾತು ನಂಬಿ ಕೊಡದೆ ಬಿಟ್ಟರೆ? ಬಿಸಿತುಪ್ಪ ಉಗುಳಲೂ ಆಗದು, ನುಂಗಲೂ ಆಗದು. ಗೋಡೆಯ ಗಡಿಯಾರದ ಮುಳ್ಳು ಮಾತ್ರ ತನ್ನ ಪಾಡಿಗೆ ಓಡುತ್ತಿತ್ತು.

ಅಕ್ಕಾರು ಮಂಚದ ಪಕ್ಕ ಬಗ್ಗಿದರು. ಹನ್ನೊಂದು ವರ್ಷ ಯಾರಿಗೂ ಹೇಳದ ಮಾತು, ಎದುರಿಗೆ ಡಾಕ್ಟರು, ಪಕ್ಕದಲ್ಲಿ ಲಾಲಬಿ ಇದ್ದಾರೆನ್ನುವುದೂ ನೆನಪಾಗದೆ ಹೊರಗೆ ಬಂತು.

"ತಮ್ಮಾ, ಕೇಳಿಲ್ಲೆ. ನನ್ನ ಗಂಡ ಬಸ್ ಡ್ರೈವರ್ ಇದ್ರು. ಬಿ.ಪಿ. ಇತ್ತು. ಗೊತ್ತಾದ್ರ ಸ್ಟೇರಿಂಗ್ ಬಿಡಸ್ತಾರಂತ ಹೆದರಿ ಗುಳಿಗಿ ನನ್ನ ಹೆಸರಿಲೆ ತರ್ತಿದ್ನಿ. ನಾಲ್ಕ ವರ್ಷ. ಡಾಕ್ಟ್ರು ನನ್ನ ಕೈ ಹಿಡದು ಗುಳಿಗಿ ಬರೀತಿದ್ರು, ಅವರು ನುಂಗತಿದ್ರು. ಅವರ ಎದಿ ಮಾತ್ರ ಯಾರೂ ನೋಡಲಿಲ್ಲ. ನೋವು ಬಂದ್ರ ಗ್ಯಾಸ್ ಅಂತಿದ್ರು, ನಾ ಸೋಡಾ ಮಾಡಿ ಕೊಡ್ತಿದ್ನಿ. ಚೀಟಿ ನನ್ನ ಹೆಸರಿಲೆ ಇತ್ತು. ಸಾವು ಅವರ ಹೆಸರಿಲೆ ಬಂತು."

ಅವನು ಕಣ್ಣು ತೆರೆದ. ಅಕ್ಕಾರನ್ನು ಒಂದು ಗಳಿಗೆ ನೋಡಿದ. ಆಮೇಲೆ ಸುರಭಿಯ ಕಡೆ ತಿರುಗಿ, ನೋವಿನ ನಡುವೆಯೂ ಒಂದೊಂದೇ ಶಬ್ದ ಬಿಡಿಸಿ ಹೇಳಿದ: "ಬಸವಕಿರಣ. ನಲವತ್ತೊಂದು ವರ್ಷ. ಆ ಗುಳಿಗಿ ಮೊದಲ ತಗೊಂಡೇನಿ, ಏನೂ ಆಗಿಲ್ಲ. ಕೊಡ್ರಿ."

ಲಾಲಬಿ ಗುಳಿಗೆಯನ್ನು ಬಾಯಿಗೆ ಹಾಕಿ "ಅಗೀರಿ, ಅಗೀರಿ" ಎಂದಳು. ಐದು ನಿಮಿಷದಲ್ಲಿ ಮಂಚ ದೊಡ್ಡ ಬಾಗಿಲು ದಾಟಿ ಒಳಗೆ ಹೋಯಿತು. ಮುರುಗೆಪ್ಪನವರು ಅಂಗಿಯ ಒಳಕಿಸೆಯಿಂದ ಇನ್ನೊಂದು ಕಾರ್ಡು ತೆಗೆದು, ಮುಖ ಎತ್ತದೆ ಅಕ್ಕಾರ ಕೈಗಿಟ್ಟರು. ಅಕ್ಕಾರು ಕೌಂಟರಿಗೆ ಹೋಗಿ ಹೊಸ ಫೈಲು ತೆರೆದು, ವಿಮಾ ಕಂಪನಿಗೆ ಫೋನು ಹಚ್ಚಿದರು. ಸ್ಟೆಂಟ್ ಹಾಕಿ ಹೊರಗೆ ತರುವ ಹೊತ್ತಿಗೆ ಒಪ್ಪಿಗೆಯೂ ಬಂದಿತ್ತು.

ಜೀವವೇನೋ ಉಳಿಯಿತು. ಆದರೂ ಮುರುಗೆಪ್ಪನವರು ಎರಡು ದಿನ ಕೌಂಟರಿನ ಕಡೆ ಹೊರಳಿ ನೋಡಲಿಲ್ಲ. ಮಗನ ರೆಕ್ಕೆ ಕತ್ತರಿಸಿದವಳು ಇವಳೇ ಎಂಬ ಸಿಟ್ಟೋ, ಮಗನನ್ನು ತಾನೇ ಕಳೆದುಕೊಳ್ಳುತ್ತಿದ್ದೆನಲ್ಲ ಎಂಬ ನಾಚಿಕೆಯೋ, ಎರಡೂ ಇರಬೇಕು. ರತ್ನವ್ವ ಮಾತ್ರ ದಿನಾ ಡಬ್ಬಿಯಲ್ಲಿ ಎರಡು ರೊಟ್ಟಿ, ಎಣ್ಣೆಗಾಯಿ ಹೆಚ್ಚಿಗೆ ಕಟ್ಟಿ ತಂದು ಕೌಂಟರಿನ ಮೇಲಿಟ್ಟು ಹೋಗುತ್ತಿದ್ದಳು.

ನಾಲ್ಕನೆಯ ದಿನ ಅಕ್ಕಾರು ಬಿಡುಗಡೆಯ ಕಾಗದ ಹಿಡಿದು ಬಸವಕಿರಣನ ಕೋಣೆಗೆ ಹೋದರು. ಅವನು ದಿಂಬಿಗೆ ಒರಗಿ ಕುಳಿತಿದ್ದ.

"ಕಂಪನಿಗೆ ನಾನ ಫೋನ್ ಮಾಡಿ ಹೇಳಿದ್ನಿ, ಅಕ್ಕಾರ" ಎಂದ. "ಸದ್ಯಕ್ಕ ಹಾರೂದು ಬಂದ್. ತಪಾಸಣಾ ಆಗಬೇಕು, ವೈದ್ಯಕೀಯ ಮಂಡಳಿ ನೋಡಬೇಕು. ಮತ್ತ ಕೂಡಸ್ತಾರೋ ಇಲ್ಲೋ, ಈಗ ಯಾರೂ ಹೇಳಾಕ ಬರೂದಿಲ್ಲ."

"ಕಾಯಂ ಇಳಿಸಿದ್ರ?"

"ಅದಕ್ಕೂ ಒಂದು ವಿಮಾ ಐತ್ರಿ. ಲೈಸೆನ್ಸ್ ಹೋದ್ರ ರೊಕ್ಕ ಬರತೈತಿ. ಅಪ್ಪಗ ಗೊತ್ತಿರಲಿಲ್ಲ, ನನಗ ಗೊತ್ತಿತ್ತು. ಗೊತ್ತಿದ್ದೂ ಮುಚ್ಚಿಟ್ನಿ." ಕಿಟಕಿಯ ಕಡೆ ತಿರುಗಿದ. "ರೊಕ್ಕ ಕೊಟ್ಟಾರು. ಮುಂಜಾನೆ ಮೋಡದ ಮ್ಯಾಲ ಹೋದಾಗ ಕಾಣೂ ಬಿಸಲು ಯಾರು ಕೊಡ್ತಾರ್ರಿ?"

ಚನವೀರಪ್ಪನವರೂ ಹೀಗೆಯೇ ಮಾತಾಡುತ್ತಿದ್ದರು. ಮೊದಲ ಟ್ರಿಪ್ಪಿನಲ್ಲಿ ಉಣಕಲ್ ಕೆರೆ ದಾಟುವಾಗಿನ ತಂಪು ಗಾಳಿಯ ಬಗ್ಗೆ ವರ್ಣಿಸುತ್ತಿದ್ದರೆ, ಅದೇ ದಾರಿಯಲ್ಲಿ ಎಷ್ಟೋ ಸಲ ಹೋಗಿ ಬಂದ ಹೆಂಡತಿಗೂ ಒಮ್ಮೆ ಹೋಗಿ ನೋಡಬೇಕು ಎನಿಸುತ್ತಿತ್ತು.

"ಒಂದ್ ಮಾತ್ ಕೇಳ್ಲಿ ಅಕ್ಕಾರ?" ಎಂದ ಬಸವಕಿರಣ. "ನಿಮಗ ಬಿ.ಪಿ. ಇಲ್ಲಾಂದ್ರ ಡಾಕ್ಟ್ರು ಗುಳಿಗಿ ಹ್ಯಾಂಗ ಬರದ್ರು?"

"ದವಾಖಾನಿ ಮೆಟ್ಟಲಾ ಮೂರ್ ಸಲ ಓಡಿ ಹತ್ತಿ ಇಳೀತಿದ್ನಿ. ಖಡಕ್ ಚಹಾ ಎರಡ್ ಕಪ್ ಕುಡದು ಹೋಗಿ ಕೂಡ್ತಿದ್ನಿ. ಸುಳ್ಳು ಹೇಳೂ ಹೆದರಿಕಿಗೆ ಎದಿ ಹೆಂಗೂ ಡವಡವ ಅಂತಿತ್ತು. ಏರಲಾರದ ಏನ್ ಮಾಡೀತು, ಪಾಪ!"

ಇಬ್ಬರೂ ನಕ್ಕರು. ನಗುತ್ತ ನಗುತ್ತ ಅಕ್ಕಾರ ಕಣ್ಣು ತುಂಬಿತು.

"ಬಸ್ ನಡಸಾಕತ್ತಾಗ ಆತೇನ್ರಿ ಅವರಿಗೆ?" ಅವನು ಮೆಲ್ಲಗೆ ಕೇಳಿದ.

"ಹೂಂ. ನವನಗರದ ಹತ್ರ. ನಲವತ್ತೆರಡ ಮಂದಿ ಇದ್ರಂತ."

"ಮಂದಿಗೆ?"

"ಒಬ್ಬರಿಗೂ ಏನೂ ಆಗ್ಲಿಲ್ಲ. ಎಡಕ್ಕ ತಗೊಂಡು ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಆಮ್ಯಾಲ ಸ್ಟೇರಿಂಗ್ ಮ್ಯಾಲ ತಲಿ ಇಟ್ರಂತ."

"ಹ್ಯಾಂಡ್ ಬ್ರೇಕ್ ಹಾಕಿದ್ರು" ಎಂದು ಬಸವಕಿರಣ ತನಗೆ ತಾನೇ ಹೇಳಿಕೊಂಡ. ಈ ಹನ್ನೊಂದು ವರ್ಷದಲ್ಲಿ ಎಷ್ಟೋ ಮಂದಿ ಪಾಪ ಎಂದಿದ್ದರು, ಶಿವನ ಇಚ್ಛೆ ಎಂದಿದ್ದರು. ಆ ಬ್ರೇಕನ್ನು ಹಾಕಲು ಎಷ್ಟು ಜೀವ ಬೇಕಾಗಿತ್ತೆಂದು ತಿಳಿದವನು ಇವನೊಬ್ಬನೇ ಎಂದು ಅಕ್ಕಾರಿಗೆ ಅನಿಸಿತು. ಸೆರಗಿನಿಂದ ಮುಖ ಒರೆಸಿಕೊಂಡು, "ಇಲ್ಲೆ ಸಹಿ ಹಾಕ್ರಿ. ನಿಮ್ಮ ಹೆಸರಿಲೆ" ಎಂದರು.

ಹೊರಡುವಾಗ ಮುರುಗೆಪ್ಪನವರು ಕೌಂಟರಿನ ಮುಂದೆ ನಿಂತರು. ತಮಗಿಂತ ಇಪ್ಪತ್ತು ವರ್ಷ ಕಿರಿಯಳಾದ ಆ ಹೆಣ್ಣುಮಗಳಿಗೆ ಎರಡೂ ಕೈಯೆತ್ತಿ ಶರಣು ಮಾಡಿ ಹೋದರು.

ಅದೇ ತಿಂಗಳ ಕೊನೆಗೆ ಸಿಬ್ಬಂದಿಯ ತಪಾಸಣೆ ಬಂತು. ಈ ಸಲ ಕುರ್ಚಿಯಲ್ಲಿದ್ದವಳು ಸುರಭಿ. ಫಾರ್ಮು ಓದುತ್ತ ಬಂದು 'ಬಿ.ಪಿ.' ಎಂಬಲ್ಲಿ ಬೆರಳು ನಿಲ್ಲಿಸಿದಳು. ಅಂದು ಮಂಚದ ಪಕ್ಕ ಅವಳೂ ಇದ್ದಳಲ್ಲ. ತಲೆ ಎತ್ತಿ ಅಕ್ಕಾರನ್ನು ನೋಡಿದಳು.

"ಹೊಡದ ಹಾಕ್ರಿ ಅದನ್ನ" ಎಂದರು ಅಕ್ಕಾರು. "ಆ ಬಿ.ಪಿ. ನಂದಲ್ಲ. ಚನವೀರಪ್ಪ ಅವರದು. ಅವರು ಇದ್ದಾಗ ಹೇಳಬೇಕಿತ್ತು, ಹೇಳಲಿಲ್ಲ. ಇಷ್ಟು ವರ್ಷ ಅವರಿಗೆ ಕೆಟ್ಟ ಹೆಸರು ಬರತೈತಿ ಅಂತ ಅಂಜಿ ನನ್ನ ಹೆಸರಿಲೆ ಇಟಗೊಂಡು ಕುಂತಿದ್ನಿ."

ಸುರಭಿ ಆ ಸಾಲಿನ ಮೇಲೆ ಗೆರೆ ಎಳೆದಳು. ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿದಳು, ಬಿಟ್ಟಳು, ಮತ್ತೊಮ್ಮೆ ತುಂಬಿದಳು. ಅವಳ ಹುಬ್ಬು ಗಂಟಾಯಿತು.

"ಅಕ್ಕಾರ, ಇವತ್ತ ಸ್ವಲ್ಪ ಜಾಸ್ತಿ ತೋರಸಾಕತ್ತೈತ್ರಿ. ಇನ್ನೊಂದ್ ಸಲ ನೋಡೋಣೇನು?"

"ಬ್ಯಾಡ, ಬರಕೋರಿ" ಎಂದರು ದಾಕ್ಷಾಯಿಣಿ ಅಕ್ಕಾರು, ತೋಳು ಚಾಚಿಕೊಂಡೇ. "ಇದು ನಂದ."